ಗುಬ್ಬಿಯ ಗಾಜಿಗೆ ಅಂಟದ ಧೂಳು

ಬೆಳಿಗ್ಗೆ ಏಳಕ್ಕೆ ಕುಣಿಗಲ್‌ನಲ್ಲಿ ಬಸ್ಸು ಹತ್ತಿದೆವು, ನಾನು ಮತ್ತು ನನ್ನ ಮೊಮ್ಮಗಳು ಶೈಲ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸುತ್ತಾ, "ಇವ್ಳು ನನ್ ಮೊಮ್ಮಗಳು ಕಣಪ್ಪ, ವಿಜ್ಞಾನಿ!" ಎಂದೂ ಹೇಳಿದೆ. "ಅಜ್ಜಿ, ಸುಮ್ನಿರು" ಎಂದು ಶೈಲ ಸೆರಗು ಎಳೆದಳು. ಯಾಕೆ ಸುಮ್ಮನಿರಲಿ? ನಾನು ಓದಿದ್ದು ಎರಡನೇ ಕ್ಲಾಸು!

ಊರಿನ ಗಾಳಿಯಲ್ಲಿ ಎಷ್ಟು ಕೊಳೆ ಇದೆಯೆಂದು ತಿಳಿಯುವುದು ಅವಳ ಮೊದಲ ಕೆಲಸ. ಅದಕ್ಕಾಗಿ ಅಂಟು ಮುಲಾಮು ಸವರಿದ ಗಾಜುಗಳನ್ನು ಕುಣಿಗಲ್‌ನ ನಮ್ಮ ಮನೆ ಮುಂದೆ, ತುಮಕೂರಿನಲ್ಲಿ, ಗುಬ್ಬಿಯಲ್ಲಿ ಕಟ್ಟಿ ಹದಿನೈದು ದಿನವಾಗಿತ್ತು. ಮಾರನೆಯ ದಿನ ಮೂರನ್ನೂ ಅಧಿಕಾರಿಗಳ ಮುಂದಿಟ್ಟು, ರಸ್ತೆಬದಿ ಕಸ ಸುಡುವುದನ್ನು ನಿಲ್ಲಿಸಿ ಎಂದು ಅವಳು ಕೇಳಬೇಕಿತ್ತು. ನಮ್ಮ ಮನೆಯ ಗಾಜು ಆಗಲೇ ಚೀಲದಲ್ಲಿತ್ತು, ತುಸುವೇ ಮಂಕಾಗಿತ್ತು.

ಹೆಬ್ಬೂರು ದಾಟುವಾಗ ರಾಗಿ ಹೊಲದ ಮೇಲೆ ಮಂಜಿತ್ತು. ತುಮಕೂರಿನಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು. ಅಲ್ಲಿನ ಗಾಜು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ಮದುವೆಯಾದ ಹೊಸತರಲ್ಲಿ ಇದೇ ಬಿ.ಎಚ್. ರಸ್ತೆಯಲ್ಲಿ ನಮ್ಮ ಯಜಮಾನರ ಹಿಂದೆ ಮರದ ನೆರಳಲ್ಲೇ ನಡೆದಿದ್ದೆ. ಸಂಜೆ ಮನೆ ಸೇರಿದರೂ ಮುಡಿದ ಮಲ್ಲಿಗೆ ಬೆಳ್ಳಗೇ ಇತ್ತು. ಈಗ ಮೂಗಿಗೆ ಸೆರಗು ಹಿಡಿದು ಗುಬ್ಬಿ ಬಸ್ಸು ಹತ್ತಿದೆ.

ಗುಬ್ಬಿಯ ಗಾಜು ಹೂವಿನ ಗೌರಮ್ಮನ ಅಂಗಡಿಯ ಕಂಬದಲ್ಲಿತ್ತು. ನೋಡಿದರೆ ಕನ್ನಡಿಯಂತೆ ಫಳಫಳ! ಮೂಲೆಯಲ್ಲಿ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ.

"ಗೌರಕ್ಕ, ಏನ್ ಮಾಡಿದ್ರಿ?" ಎಂದಳು ಶೈಲ.

"ಶುಕ್ರವಾರ ಅಲ್ವೇನವ್ವ, ಸೋಪ್ ಹಾಕಿ ತೊಳ್ದೆ. ಜಿಡ್ಡು ಹೋಗ್ಬೇಕಾದ್ರೆ ಕೈ ಬಿದ್ದೋಯ್ತು! ಓದಿರೋ ಹುಡ್ಗಿ ನಂಬಿ ಬುಟ್ಟೋಗಿರೋ ಸಾಮಾನು, ನನ್ ಅಂಗ್ಡೀಲಿ ಕೊಳೆಯಾಗಿದ್ರೆ ಜನ ಏನಂತಾರೆ?"

ಶೈಲ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಕೊಳೆಯೇ ಬೇಕಿತ್ತೆಂದು ಅವಳು ಬಿಡಿಸಿ ಹೇಳಿದಾಗ ಗೌರಮ್ಮ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ನನ್ ಕೈ ಸೇದೋಗ! ಇನ್ನೊಂದ್ಸಲ ಕಟ್ಟು ಮಗಾ. ನಾನೇ ಕಾಯ್ತೀನಿ."

ಶೈಲ ಎದ್ದಳು. "ನಾಳೆ ಎರಡನ್ನೇ ತೋರಿಸ್ತೀನಿ ಅಜ್ಜಿ. ಗುಬ್ಬೀದು ಆಮೇಲೆ ಕೊಡ್ತೀನಿ ಅಂತೀನಿ" ಎಂದು ಅದೇ ಗಾಜಿಗೆ ಮತ್ತೆ ಮುಲಾಮು ಸವರಿದಳು. ಹುಡುಗಿ ಅಳಲಿಲ್ಲ. ನನಗೇ ಕಣ್ಣು ತುಂಬಿ ಬಂತು, ಸಂತೋಷಕ್ಕೆ.

ವಾಪಸ್ಸು ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಪಕ್ಕದ ಅಂಗಡಿಯವನು ಬಟ್ಟೆ ಹಿಡಿದು ಕಂಬದ ಹತ್ತಿರ ಬಂದಿದ್ದ. ಗೌರಮ್ಮ ಹೂವಿನ ಬುಟ್ಟಿ ಬಿಟ್ಟು ಓಡಿದಳು. "ಏಯ್, ಮುಟ್ಟೀಯ ಜೋಕೆ! ಅದು ಕೊಳೆ ಆಗ್ಬೇಕು ಕಣ್ಲಾ!"