ಮಗ್ಗ ನಿಂತರೆ ಕಥೆ ಗೆದ್ದಂತೆ

ರೈತರು ಎಂದೇ ಬಿಡಬೇಕೋ, ಸರಕಾರ ಎಂದು ತಿದ್ದಬೇಕೋ? ನಿನ್ನೆಯಿಂದ ಮುರಗೆಪ್ಪನವರ ತಲೆಯನ್ನು ಕೊರೆಯುತ್ತಿರುವುದು ಈ ಒಂದು ಶಬ್ದ. ಕಥೆ ಬರೆದವಳು ಸತ್ಯವ್ವ, ತೇರದಾಳದ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಇದು ಆಕೆಯ ಮೊದಲ ಕಥೆ. ‘ರೈತರನ್ನು ತೆಗೆಯುವುದಾದರೆ ಕಥೆಯನ್ನು ತಿರುಗಿ ಕಳಿಸಿರಿ’ ಎಂದು ಜೊತೆಗೊಂದು ಚೀಟಿ ಇಟ್ಟಿದ್ದಾಳೆ. ತಿದ್ದಿದರೆ ಬರೆಯುವವಳು ಕೈತಪ್ಪುತ್ತಾಳೆ. ತಿದ್ದದಿದ್ದರೆ ಓದಿದವರು ನಗುತ್ತಾರೆ, ಆ ನಗು ಕಿವಿಗೆ ಬಿದ್ದರೆ ಆಗಲೂ ಆಕೆ ಬರೆಯಲಿಕ್ಕಿಲ್ಲ. ಹನ್ನೊಂದು ಗಂಟೆಗೆ ಪುಟಗಳು ಯಂತ್ರಕ್ಕೇರಬೇಕು. ಬನಹಟ್ಟಿಯ ಓಣಿಗಳಲ್ಲಿ ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಅವರು ಲಗಮಪ್ಪನ ಮಗ್ಗದ ಮನೆಯ ಹೊಸ್ತಿಲು ದಾಟುತ್ತಾರೆ.

ಐವತ್ತೆಂಟರ ಮುರಗೆಪ್ಪ ‘ನಾಳಿನೂರು’ ಮಾಸಪತ್ರಿಕೆಯ ಸಂಪಾದಕರು. ಪತ್ರಿಕೆ ಅಚ್ಚು ಹಾಕುವುದು ವಿಜ್ಞಾನದ ಕಲ್ಪನೆಯ ಕಥೆಗಳನ್ನು ಮಾತ್ರ. ಒಂದೊಂದನ್ನೂ ಮೊದಲು ಇಲ್ಲಿ ನೇಕಾರರ ಎದುರು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಆರು ಮಗ್ಗಗಳ ಲಾಳಿ ಸದ್ದು, ಅದರ ಮೇಲೆ ಅವರ ದನಿ. ಮಗ್ಗಗಳು ತಮ್ಮ ಪಾಡಿಗೆ ನಡೆದಿದ್ದರೆ ಆ ಸಾಲಿನ ಬದಿಗೆ ಗೀಟು ಬೀಳುತ್ತದೆ. ಒಂದು ಮಗ್ಗ ನಿಂತರೂ ಸಾಕು, ಆ ಸಾಲಿಗೆ ಅವರು ಕೈ ಹಚ್ಚುವುದಿಲ್ಲ.

“ನಿಮ್ಮ ಕಥಿ ಛಲೋ ಇದ್ದಷ್ಟೂ ನನ್ನ ಸೀರಿ ತಡಾ ಆಗತಾವ್ರಿ ಮಾಸ್ತರ,” ಎನ್ನುತ್ತಾನೆ ಲಗಮಪ್ಪ. “ಇವತ್ತರೆ ಒಂದು ಕೆಟ್ಟದ್ದು ತಂದೀರಿಲ್ಲೋ?”

“ಕೇಳಿ ನೀನ ಹೇಳಪಾ.”

ಮೂವತ್ತು ವರ್ಷ ಮುಂದಿನ ಕಥೆ. ಹೊಳೆಗೆ ಯಾವ ದಿನ ಎಷ್ಟು ನೀರು ಬರುತ್ತದೆಂದು ಮೊದಲೇ ಎಣಿಸಿ ಹೇಳುವ ಯಂತ್ರವೊಂದಿದೆ. ಯಂತ್ರ ಮಾತಾಡುವವರೆಗೂ ಮಗ್ಗಗಳು ಒಂದೇ ಸಮ ಬಡಿಯುತ್ತಿರುತ್ತವೆ. ಮುಂದೆ, ಆ ಲೆಕ್ಕ ಕೇಳಿದ ಕೃಷ್ಣೆಯ ದಂಡೆಯ ರೈತರು ಯಾರ ದಾರಿಯನ್ನೂ ಕಾಯದೆ, ತಾವೇ ಕೂಡಿ ಹೊಳೆಗೆ ಅಡ್ಡಗೋಡೆ ಕಟ್ಟಲು ಇಳಿಯುತ್ತಾರೆ. ಆರೂ ಮಗ್ಗಗಳು ಗಕ್ಕನೆ ನಿಲ್ಲುತ್ತವೆ. ಮನೆ ತುಂಬ ನಗು.

“ಹ್ವಾದ ತಿಂಗಳ ಚಂದ್ರಲೋಕಕ್ಕ ಕಳಿಸಿದ್ರಿ, ಹೋಗಿ ಬಂದಿವಿ. ಏನರೆ ಅಂದಿವೇನು?” ಲಗಮಪ್ಪ ಕಣ್ಣೊರೆಸಿಕೊಳ್ಳುತ್ತಾನೆ. “ಖರೆ ನಮ್ಮ ರೈತರು ಕೂಡಿ ಗ್ವಾಡಿ ಕಟ್ಟತಾರಂದ್ರ ಹೆಂಗ ನಂಬೂದ್ರಿ? ಬದುವಿನ ಮ್ಯಾಲಿನ ಒಂದ ಬೇವಿನ ಗಿಡದ ಸಲುವಾಗಿ ಎಂಟು ವರ್ಷ ಜಮಖಂಡಿ ಕೋರ್ಟಿಗೆ ತಿರಗೋ ಮಂದಿ!”

ಮುರಗೆಪ್ಪ ನಗುವುದಿಲ್ಲ. ಕಿವಿಯ ಮೇಲಿನ ಪೆನ್ಸಿಲ್ಲು ಕೈಗೆ ಬರುತ್ತದೆ, ‘ರೈತರು’ ಎಂಬಲ್ಲಿ ಊರಿಕೊಳ್ಳುತ್ತದೆ. ನಗು ತಗ್ಗುತ್ತದೆ. ಆದರೆ ಲಾಳಿಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅನಸವ್ವ ಕೇಳುತ್ತಾಳೆ:

“ನಗೂದು ಆತಿಲ್ಲೋ? ಮಾಸ್ತರ, ಮಳಿಗಾಲದಾಗ ಹೊಳಿ ಬಂದ್ರ ಆ ಗ್ವಾಡಿ ಉಳೀತೇನ್ರಿ?”

“ಅಚ್ಚಾಗಿ ಬರಲಿ ತಡಿಯವ್ವಾ, ಓದತೇನಿ.”

“ಏ, ಏನ ಕಾಡಸ್ತೀರಿ! ಹೇಳಿ ಹೋಗ್ರಿ,” ಎಂದು ಗದರುವವನು ಈಗ ಲಗಮಪ್ಪ.

ಪೆನ್ಸಿಲ್ಲು ಗೀಟೆಳೆಯದೆ ಕಿವಿಯ ಮೇಲಕ್ಕೆ ಮರಳುತ್ತದೆ.

ಮುಧೋಳದಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವರು ಮುರಗೆಪ್ಪ. ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿಹೋದ ವರ್ಷ ಹಳೆಯ ಅಚ್ಚಿನ ಯಂತ್ರವೊಂದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬನಹಟ್ಟಿಗೆ ಬಂದರು. ಇದು ಎಂಟನೆಯ ವರ್ಷ. ತಿಂಗಳಿಗೆ ಮೂವತ್ತೆರಡು ಪುಟ, ನಾನೂರೈವತ್ತು ಪ್ರತಿ. ಬರುವ ಕಥೆಗಳು ಇಪ್ಪತ್ತರ ಮೇಲೆ, ಅಚ್ಚಾಗುವುದು ಮೂರು. ಉಳಿದವನ್ನು ಅವರು ಬರಿದೆ ತಿರುಗಿ ಕಳಿಸುವುದಿಲ್ಲ. ಯಾಕೆ ಬೇಡವೆಂಬುದನ್ನು ಒಂದೊಂದಕ್ಕೂ ಕೈಯಾರೆ ಬರೆಯುತ್ತಾರೆ. ಮೊದಮೊದಲು ವಾಚನಾಲಯಗಳು ‘ನಾಳಿನೂರ’ನ್ನು ಮಕ್ಕಳ ಕಪಾಟಿಗೆ ತಳ್ಳುತ್ತಿದ್ದವು. ಈಗ ಬೀಳಗಿಯ ಕ್ಷೌರದಂಗಡಿಯಲ್ಲಿ ಒಂದೇ ಪ್ರತಿ ಹತ್ತು ಕೈ ದಾಟುತ್ತದೆ.

ಮಗ್ಗದ ಮನೆಯ ಓದು ಹುಟ್ಟಿದ್ದು ಅವರದೇ ಒಂದು ತಪ್ಪಿನಿಂದ. ಎರಡನೆಯ ವರ್ಷ ಗಿರಿಮಲ್ಲಪ್ಪ ಎಂಬುವವರ ಕಥೆಯ ಕೊನೆಯನ್ನು, ಕೇಳದೆ, ತಮ್ಮ ಮನಸ್ಸಿಗೆ ಬಂದಂತೆ ಬದಲಿಸಿದರು.

“ನಾಕ ಮಂದಿ ಹೊಗಳಿದ್ರು, ನಾನೂ ಉಬ್ಬಿದ್ನಿ. ಆ ಮನಷ್ಯಾ ಮತ್ತ ಒಂದ ಸಾಲ ಸುದ್ದಾ ಕಳಿಸಲಿಲ್ಲ. ಅವತ್ತಿಂದ ಖುರ್ಚಿ ಮ್ಯಾಲ ಕುಂತ ತಿದ್ದೂದ ಬಿಟ್ನಿ.”

ತಮ್ಮ ಕಸುಬಿನ ಬಗ್ಗೆ ಮಾತ್ರ ಅವರಿಗೆ ಅಳುಕಿಲ್ಲ. “ವಿಜ್ಞಾನದ ಕಥಿ ಅಂದ್ರ ಯಂತ್ರದ ಕಥಿ ಅಲ್ರಿ. ಇವತ್ತ ಇಲ್ಲದ್ದು ಒಂದ ಸಂಗತಿ ಇಡಬೇಕು, ಉಳದದ್ದೆಲ್ಲಾ ಖರೆ ಇರಬೇಕು. ಅದು ಯಾವ ಒಂದು ಅಂತ ನೋಡೂದು ನನ್ನ ಕೆಲಸ. ಈ ಕೆಲಸ ನನಗ ಬರತೈತಿ.”

ಹತ್ತು ಗಂಟೆಗೆ ತೇರದಾಳದ ಮೋಟಾರು ಬಸ್ಸು ಬರುತ್ತದೆ. ಅಚ್ಚುಕೂಟದ ಬಾಗಿಲಲ್ಲಿ ಸತ್ಯವ್ವ. ಚಿಕ್ಕಪಡಸಲಗಿಯ ಕುರಿಗಾರರ ಮನೆಯ ಮಗಳು ಆಕೆ. ಹೊಳೆ ಇಳಿಯುವುದನ್ನೇ ಕಾಯುತ್ತ ಕುರಿಗಳೊಂದಿಗೆ ದಂಡೆಯಲ್ಲಿ ಕೂತ ಅಣ್ಣಂದಿರನ್ನು ನೋಡಿ ಬೆಳೆದವಳು.

“ಬರ್ರಿ ಅಕ್ಕೋರ,” ಎಂದು ಮುರಗೆಪ್ಪ ಮಸಿ ಆರದ ಪ್ರೂಫನ್ನು ಮುಂದೆ ಮಾಡುತ್ತಾರೆ. ಆಕೆಯ ಬೆರಳು ಸಾಲುಗಳ ಮೇಲೆ ಸರಿಯುತ್ತ ಹೋಗಿ ‘ರೈತರು’ ಎಂಬಲ್ಲಿ ತಡೆಯುತ್ತದೆ. ಶಬ್ದ ಹಾಗೇ ಇದೆ.

“ಮಗ್ಗ ನಿಂತೂ ಏನ್ರಿ ಮಾಸ್ತರ?”

“ಆರಕ್ಕ ಆರೂ.”

“ಖರೆ?”

“ಖರೇನ. ಗ್ವಾಡಿ ಉಳೀತೋ ಇಲ್ಲೋ ಅಂತ ಅನಸವ್ವ ಗಂಟ ಬಿದ್ದಾಳ. ಮುಂದಿನ ಕಥಿ ಯಾವಾಗ ಕೊಡತೀರಿ, ಅದನ್ನ ಹೇಳ್ರಿ.”

ಸತ್ಯವ್ವ ಚೀಲಕ್ಕೆ ಕೈ ಹಾಕುತ್ತಾಳೆ. “ಒಂದು ಅರ್ಧ ಆಗೇತ್ರಿ. ಇದರಾಗ ಕುರಿ ಮಾತಾಡತಾವು.”

“ಮಾತಾಡಲಿ. ಹೊಲಸ ಬಯ್ಯಲಿಲ್ಲಂದ್ರ ಆತು.”

ಅಚ್ಚುಮೊಳೆಯ ಪುಟಗಳನ್ನು ಚೌಕಟ್ಟಿಗೆ ಬಿಗಿದು ಮುಗಿಸಿದ ಅಚ್ಚುಕೂಟದ ಆಳು ದಶರಥ ಯಂತ್ರದ ಪೆಡಲು ತುಳಿಯತೊಡಗುತ್ತಾನೆ. ಸತ್ಯವ್ವ ತನ್ನ ಹೆಸರಿರುವ ಮೊದಲ ಹಾಳೆ ಹೊರಬರುವವರೆಗೆ ನಿಂತು ನೋಡುತ್ತಾಳೆ.

ಮೊದಲು ಎಲ್ಲರೂ ನಕ್ಕರೆಂದು ಮುರಗೆಪ್ಪ ಆಕೆಗೆ ಹೇಳಲಿಲ್ಲ.