ತಾಡಪತ್ರಿಯ ಮಡಿಕೆಯಲ್ಲಿ ಉಳಿದ ಉಸುಕು

ಕಡಲೆ ಒಣಗಿಸಲು ಮೊನ್ನೆ ಹಳೆಯ ಟಾರ್ಪಾಲಿನ ತಾಡಪತ್ರಿಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಬಿಚ್ಚಿದೆ. ಮಡಿಕೆಯೊಳಗಿಂದ ಬಿಳಿ ಉಸುಕು ಸುರಿಯಿತು. ನಮ್ಮ ಮುನವಳ್ಳಿಯ ಎರೆಮಣ್ಣಿನ ಊರಲ್ಲಿ ಅಂಥ ಉಸುಕು ಎಲ್ಲಿಂದ ಬರಬೇಕು? ಒಂದು ಚಿಟಿಕೆ ಎತ್ತಿ ನಾಲಿಗೆಗೆ ಹಚ್ಚಿಕೊಂಡೆ... ಇನ್ನೂ ಉಪ್ಪುಪ್ಪು. ಪಕ್ಕದ ಮನೆಯ ಭೂಗೋಳದ ಮಾಸ್ತರು ನೆನಪಾದರು. ತಾಡಪತ್ರಿ ಅವರದೇ, ನಮ್ಮ ಅಟ್ಟದಲ್ಲೇ ಉಳಿದುಬಿಟ್ಟಿತ್ತು.

ಸಾಲೆಯಲ್ಲಿ ಅವರ ಕೈಯಲ್ಲಿ ಪೆಟ್ಟು ತಿನ್ನದವರು ಯಾರೂ ಇರಲಿಲ್ಲ. ಮಲಪ್ರಭೆಯ ದಾರಿ ತೋರಿಸು ಎಂದಾಗ ನಾನು ನಕಾಶೆಯ ಮೇಲೆ ಕಣಕುಂಬಿಯಿಂದ ಬೆರಳನ್ನು ಸೀದಾ ಅರಬ್ಬೀ ಸಮುದ್ರಕ್ಕೆ ಇಳಿಸಿಬಿಟ್ಟಿದ್ದೆ. ಹತ್ತಿರ ಇತ್ತಲ್ಲ!

“ಹೊಳಿ ನಿಮ್ಮಪ್ಪ ಹೇಳಿದಂಗ ಹರೀತೈತೇನಲೇ? ಮೂಡಣಕ್ಕ ಹೋಗ್ತೈತಿ, ಕೃಷ್ಣಾಕ್ಕ ಕೂಡಿ ಬಂಗಾಳ ಕೊಲ್ಲಿಗೆ ಹೋಗ್ತೈತಿ!” ಎಂದು ಫೂಟ್‌ಪಟ್ಟಿಯಿಂದ ಆ ಬೆರಳಿಗೇ ಕೊಟ್ಟಿದ್ದರು. ಆಮೇಲೆ ನಾನು ನಮ್ಮ ಹೊಳೆಯ ದಿಕ್ಕು ಯಾವತ್ತೂ ತಪ್ಪಲಿಲ್ಲ.

ಅವರಿಗೆ ಒಬ್ಬನೇ ಮಗ. ಮಳೆ ಹಿಡಿದು ಹೊಳೆ ಏರಿದ ವರ್ಷ, ದಂಡೆಯ ಪಂಪ್‌ಸೆಟ್ ಮೇಲೆತ್ತಲು ಹೋದವನ ಕಾಲಡಿಯ ಮಣ್ಣೇ ಕುಸಿಯಿತು. ತೊರಗಲ್ ತನಕ, ಆಮೇಲೆ ರಾಮದುರ್ಗದಾಚೆಗೂ ದಂಡೆ ಹಿಡಿದು ಹುಡುಕಿದೆವು. ಸಿಗಲಿಲ್ಲ. ಊರೆಲ್ಲ ಅತ್ತಿತು, ಮಾಸ್ತರು ಅಳಲಿಲ್ಲ. “ಸಿಕ್ಕಿಲ್ಲ ಅಂದ್ರ ಸತ್ತಾನ ಅಂತಲ್ಲ” ಎಂದರು. ಫೋಟೋಕ್ಕೆ ಹಾರ ಹಾಕಗೊಡಲಿಲ್ಲ. ದಿನಾ ಸಂಜೆ ಮಗನ ಮೋಟರ್ ಸೈಕಲ್ ಒರೆಸಿ, ಬ್ಯಾಟರಿ ಕೆಡಬಾರದೆಂದು ಸ್ವಲ್ಪ ಹೊತ್ತು ಚಾಲೂ ಮಾಡಿಡುತ್ತಿದ್ದರು. ಆ ಸದ್ದು ಕೇಳಿದರೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಹಿಡಿದು ನಿಲ್ಲುತ್ತಿದ್ದಳು.

ಒಂದು ದಿನ ಮಾಸ್ತರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ನಾನು ಅವರಿಗೆ ಕಾಕು ಅನ್ನುತ್ತೇನೆ. ಹಿಂದೆಯೇ ಮಾಸ್ತರೂ ಇದ್ದರು.

“ಗಾಡಿ ತೆಗಿಯಪಾ, ಸಮುದ್ರಕ್ಕ ಹೋಗೂಣು. ಹೊಳಿ ಅವನ್ನ ಅಲ್ಲಿಗೇ ಒಯ್ದಿರ್ತೈತಿ. ಒಂದ ರಾತ್ರಿ ನೀರಿನ ಬಾಜೂಕ ಇದ್ದು ಬರೂಣು.”

“ಯಾವ ಸಮುದ್ರಕ್ರಿ ಕಾಕು?”

“ಕಾರವಾರದ ಕಡಿ.”

ನಾನು ಮಾಸ್ತರ ಮುಖ ನೋಡಿದೆ. ಈಗ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ತಮ್ಮ ಮನೆಗೆ ಹೋಗಿ ಈ ತಾಡಪತ್ರಿ ಹೊತ್ತುಕೊಂಡು ಬಂದರು.

ಲಾಡ್ಜು, ಜನ ಯಾವುದೂ ಬೇಡವೆಂದು ಕಾಕು ಹಟ ಹಿಡಿದಿದ್ದರು. ಡಾಂಬರು ರಸ್ತೆ ಮುಗಿದ ಮೇಲೆ ಗಾಡಿ ಬಿಟ್ಟು, ಗುಡ್ಡ ಹತ್ತಿಳಿದು ಒಂದು ದಂಡೆಗೆ ಹೋದೆವು. ಮನೆಯಿಲ್ಲ, ದೀಪವಿಲ್ಲ, ನಾಯಿಯ ಸದ್ದೂ ಇಲ್ಲ. ಎರಡು ಗಾಳಿಮರಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಹಾಸಿಗೆಯ ಚಾದರ ಹರವಿ, ಕೆಳಗೆ ತಾಡಪತ್ರಿ ಹಾಸಿದೆವು. ನಾನು ಬಯಲುಸೀಮೆಯ ಜಾಣ, ನೀರಿನ ಹತ್ತಿರವೇ ಮೂರು ಕಲ್ಲಿಟ್ಟು ಒಲೆ ಹೂಡಿದೆ. “ಭರತ ಏರಿದ್ರ ನಿನ್ನ ಒಲಿ ಗೋವಾಕ್ಕ ಹೋಗ್ತೈತಿ. ಮ್ಯಾಲೆ ಹೂಡಲೇ” ಎಂದು ಮಾಸ್ತರು ಗದರಿದರು. ಆಮೇಲೆ ಚಂದ್ರ, ಭರತ, ಇಳಿತ ಎಲ್ಲದರ ಪಾಠವಾಯಿತು. ರೊಟ್ಟಿ ತಿನ್ನುವಾಗಲೂ ಪಾಠ ನಿಲ್ಲಲಿಲ್ಲ. ಕಾಕು ಮಗನಿಗೆಂದು ಸಿಹಿ ಮಾದಲಿ ಮಾಡಿ ತಂದಿದ್ದರು, ಅದರ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಬೆಳಗಿನ ಜಾವ ನನಗೆ ಎಚ್ಚರವಾದಾಗ ಕಾಕು ಆ ಕಡೆ ಹೊರಳಿ ಮಲಗಿದ್ದರು. ಮಾಸ್ತರು ಸೊಂಟದ ತನಕ ನೀರಲ್ಲಿ ನಿಂತಿದ್ದರು. ಹೆದರಿ ಓಡಿದೆ. ಅವರ ಕೈಯಲ್ಲಿ ಮಾದಲಿಯ ಡಬ್ಬಿ ಇತ್ತು.

“ಬಾರೋ ನನ್ನಪ್ಪಾ... ಮಾದ್ಲಿ ತಂದೀನಿ... ಉಂಡು ಹೋಗೋ...”

ನಾನು ರಟ್ಟೆ ಹಿಡಿದೆ. ಅವರು ತಿರುಗಿ ನೋಡಿದರು. “ನಮ್ಮ ಹೊಳಿ ಈ ಕಡಿ ಬರೂದಿಲ್ಲಲೇ. ನನಗ ಗೊತ್ತೈತಿ... ಬರೂದಿಲ್ಲ” ಎಂದರು. ಮೇಲೆ ಬಂದು, ಒದ್ದೆ ಉಸುಕಿನ ಮೈಯಲ್ಲೇ ತಾಡಪತ್ರಿಯ ಮೇಲೆ ಬೋರಲಾಗಿ ಬಿದ್ದು ಅತ್ತರು. ಅಷ್ಟು ದೊಡ್ಡ ಮನುಷ್ಯ ಹಾಗೆ ಅಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಕಾಕು ಮಾತ್ರ ಹೊರಳಲಿಲ್ಲ.

ಊರಿಗೆ ಬಂದ ಮೇಲೆ ಸಂಜೆಯ ಮೋಟರ್ ಸೈಕಲ್ ಸದ್ದು ನಿಂತಿತು. ಫೋಟೋಕ್ಕೆ ಹಾರವನ್ನು ಮಾಸ್ತರೇ ತಂದರು. ಹೋದ ವರ್ಷ ಅವರೂ ಹೋದರು. ತಮ್ಮ ಹೊಲದಲ್ಲೇ ಮಣ್ಣಾದರು.

ಮೊನ್ನೆ ನಾನು ತಾಡಪತ್ರಿ ಕೊಡವಲು ಎತ್ತಿದ್ದನ್ನು ಕಾಕು ತಮ್ಮ ಕಟ್ಟೆಯಿಂದಲೇ ನೋಡಿದರು.

“ಝಾಡಸಬ್ಯಾಡಪಾ... ಅವರು ಅತ್ತ ಜಾಗಾ ಅದು.”

ನಾನು ಅದನ್ನು ಮತ್ತೆ ನೆಲಕ್ಕೆ ಹಾಸಿದೆ. ಕಾಕು ಇಳಿದು ಬಂದು ತಾಡಪತ್ರಿಯ ಅಂಚಿನಲ್ಲಿ ಕುಳಿತರು.

“ಇಡೀ ಜಲ್ಮ ಅವರ ಜೋಡಿ ಬಾಳೇ ಮಾಡೀನಿ. ನಮ್ಮ ಹೊಳಿ ಎತ್ತಾಗ ಹೋಗ್ತೈತಿ ಅನ್ನೂದು ನನಗ ಗೊತ್ತಿದ್ದಿಲ್ಲೇನು?”

“ಮತ್ತ ಆ ಕಡಿ ಯಾಕ ಅಂದ್ರಿ ಕಾಕು?”

“ಮೂಡಣದ ಸಮುದ್ರ ತನಕ ಅಷ್ಟ ದೂರ ಅವರು ಬರ್ತಿದ್ದಿಲ್ಲ. ಅವರು ಒಮ್ಮೆ ಅಳಬೇಕಾಗಿತ್ತಪಾ... ಯಾವ ನೀರಾದ್ರೇನು.”

ಅಂದರೆ ಅವತ್ತು ಕಾಕು ನಿದ್ದೆ ಮಾಡಿರಲಿಲ್ಲ. ಮಗ ಸೇರಿದ ಸಮುದ್ರವನ್ನು ಈ ತಾಯಿ ಇನ್ನೂ ನೋಡಿಯೇ ಇಲ್ಲ.

“ನಡ್ರಿ ಕಾಕು, ಮೂಡಣ ಸಮುದ್ರಕ್ಕ ನಾ ಕರಕೊಂಡ ಹೋಗ್ತೇನಿ.”

ಕಾಕು ಉಸುಕಿನ ಮೇಲೆ ಅಂಗೈ ಆಡಿಸಿದರು.

“ಹೋದ್ರ, ಇದ ಅದು ಅಂತ ನನಗ ತೋರಸಾವ್ರು ಯಾರಪಾ... ಅವರ ಇಲ್ಲಲ್ಲ.”

ಇಬ್ಬರೂ ಸೇರಿ ತಾಡಪತ್ರಿಯನ್ನು ಉಸುಕು ಚೆಲ್ಲದ ಹಾಗೆ ಮಡಿಚಿದೆವು. ಕಡಲೆಯನ್ನು ಚೀಲ ಹಾಸಿ ಅದರ ಮೇಲೆ ಹರವಿದೆ.