ತಣ್ಣಗಿದ್ದ ಹಣೆ

ಕೊರೊನಾ ಕಾಲದಲ್ಲಿ ಹೆಬ್ಬಾಳದ ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ಹಣೆಯ ಬಿಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಪಕ್ಕದ ಮೆಷಿನ್ನಿನ ನನ್ನ ಗೆಳತಿ ಒಂದು ದಿನ ಎಂದಿನಂತೆ ಪಾಸಾದಳು; ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡೆವು. ಸಂಜೆ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿದಾಗ ಅವಳ ಹಣೆ ಕಾದ ಹೆಂಚಾಗಿತ್ತು.

"ಬೆಳಿಗ್ಗೆ ಜ್ವರದ ಮಾತ್ರೆ ನುಂಗಿದ್ದೆ ಕಣೇ. ಇಲ್ದಿದ್ರೆ ಗೇಟಲ್ಲೇ ವಾಪಸ್ ಕಳಿಸ್ಬುಡೋರು," ಅಂದಳು.

ಮೈ ಬಿಸಿಯಾಗುವುದೇ ರೋಗದ ಜೊತೆ ಹೊಡೆದಾಡುವುದಕ್ಕೆ. ಮಾತ್ರೆ ಇಳಿಸಿದ್ದು ಆ ಬಿಸಿಯನ್ನು, ರೋಗವನ್ನಲ್ಲ. ಅದು ಅವಳಿಂದ ನನಗೆ, ನನ್ನಿಂದ ಅಮ್ಮನಿಗೂ ಅಂಟಿತು. ವಯಸ್ಸಾದ ಅಮ್ಮನ ಮೈಗೆ ಜ್ವರ ಏರಿಸುವಷ್ಟೂ ಶಕ್ತಿಯಿರಲಿಲ್ಲ. ಉಸಿರು ಕಟ್ಟಿದಾಗಲೇ ನಮಗೆ ಗೊತ್ತಾಗಿದ್ದು.

ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಗೆಳತಿ ಬ್ರೆಡ್ಡು, ಎಳನೀರು ಹಿಡಿದು ನೋಡಲು ಬಂದಳು. ಬಾಗಿಲಲ್ಲೇ ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಇವತ್ತು ಏನು ನುಂಗಿ ಬಂದಿದ್ದೀಯ?" ಅಂದೆ.